ರೇಡಿಯೇಟರು ಬದಲಿಸುವ ಮುನ್ನ ಮತ್ತು ಬದಲಿಸುವಾಗ

ತುಂಗಭದ್ರಾ ಕಾಲುವೆಗಳಿಗೆ ನೀರು ಬಿಟ್ಟೊಡನೆ ಕಂಪ್ಲಿ ಮತ್ತು ಹೊಸಪೇಟೆ ಭಾಗದಲ್ಲಿ ಟ್ರ್ಯಾಕ್ಟರುಗಳಿಗೆ ಬಿಡುವೇ ಇರುವುದಿಲ್ಲ. ಕೇಜ್‌ವೀಲು ಕಟ್ಟಿ ಗದ್ದೆ ಕೆಸರು ಮಾಡುವುದು ಎಂಜಿನ್ನಿಗೆ ಬಹು ಭಾರದ ಕೆಲಸ. ಗಾಡಿ ನಿಧಾನವಾಗಿ ಚಲಿಸುವುದರಿಂದ ಎದುರುಗಾಳಿಯ ತಂಪು ದೊರೆಯುವುದಿಲ್ಲ. ಎಂಜಿನ್ನಿನ ಪಂಕ ಎಳೆಯುವ ಗಾಳಿಯೊಂದೇ ಆಸರೆ. ಇಂತಹ ಸಮಯದಲ್ಲಿ ರೇಡಿಯೇಟರು ಕೈಕೊಟ್ಟರೆ ಸಸಿಮಡಿಯಲ್ಲಿ ಸಸಿಯ ವಯಸ್ಸು ಮೀರುತ್ತದೆ, ಆಳುಗಳು ಬೇರೆ ಹೊಲಕ್ಕೆ ಹೋಗುತ್ತಾರೆ, ಬಾಡಿಗೆಗೆ ಬೇರೆ ಟ್ರ್ಯಾಕ್ಟರು ಸಿಗುವುದಿಲ್ಲ. ಕಾದ ಎಂಜಿನ್ನನ್ನು ಹಾಗೆಯೇ ಓಡಿಸಿದರೆ ಹೆಡ್ಡು ಸೊಟ್ಟಗಾಗಿ ಅಥವಾ ಪಿಸ್ಟನ್ನು ಹಿಡಿದುಕೊಂಡು, ರೇಡಿಯೇಟರಿನ ಬೆಲೆಯ ಹಲವು ಪಟ್ಟು ಖರ್ಚು ತಲೆಯ ಮೇಲೆ ಬೀಳುತ್ತದೆ.

ಆದುದರಿಂದ ನೀರು ಕುದಿಯಿತೆಂದೊಡನೆ ರೈತರು ಹೊಸ ರೇಡಿಯೇಟರು ತರಲು ಹೊರಡುವುದು ಸಹಜ. ಆದರೆ ಹಳೆಯದು ಏಕೆ ಕೆಟ್ಟಿತೆಂಬುದನ್ನು ನೋಡದೆ ಹೊಸದನ್ನು ಕೂಡಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಎಷ್ಟೋ ವೇಳೆ ರೇಡಿಯೇಟರಿನಲ್ಲಿ ದೋಷವೇ ಇರುವುದಿಲ್ಲ.

ಶಾಖ ಹೋಗುವ ದಾರಿ

ಎಂಜಿನ್ನಿನಲ್ಲಿ ಡೀಸೆಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಮೇಲಿನ ತೊಟ್ಟಿಗೆ ಬಂದ ಬಿಸಿನೀರು ಸಣ್ಣ ಚಪ್ಪಟೆ ಕೊಳವೆಗಳಲ್ಲಿ ಇಳಿದು ತಣ್ಣಗಾಗಿ ಕೆಳಗಿನ ತೊಟ್ಟಿಯಿಂದ ಮರಳಿ ಎಂಜಿನ್ನಿಗೆ ಹೋಗುತ್ತದೆ. ಕೆಲವು ಲಾರಿ ಮತ್ತು ದೊಡ್ಡ ಕಾರುಗಳಲ್ಲಿ ತೊಟ್ಟಿಗಳು ಎಡಬಲಕ್ಕೆ ಇರುತ್ತವೆ, ತತ್ತ್ವ ಒಂದೇ. ಕೊಳವೆಗಳ ನಡುವಿನ ತೆಳು ತಗಡಿನ ರೆಕ್ಕೆಗಳೇ ಶಾಖವನ್ನು ಗಾಳಿಗೆ ಬಿಡುವ ಭಾಗ.

ಮುಚ್ಚಳವನ್ನು ಬರಿಯ ಬಿರಡೆಯೆಂದು ಭಾವಿಸಬಾರದು. ಅದರೊಳಗಿನ ಸ್ಪ್ರಿಂಗು ಒತ್ತಡವನ್ನು ಹಿಡಿದಿಡುತ್ತದೆ. ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ, ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಹರಿದರೆ ಈ ರಕ್ಷಣೆ ತಪ್ಪಿ ನೀರು ಬೇಗ ಕುದಿದು ಉಕ್ಕುತ್ತದೆ. ಅಲ್ಪ ಬೆಲೆಯ ಈ ವಸ್ತುವಿನ ದೋಷಕ್ಕಾಗಿ ಇಡೀ ರೇಡಿಯೇಟರನ್ನೇ ಬಿಚ್ಚಿಸಿದವರಿದ್ದಾರೆ.

ಧೂಳು, ಹೊಟ್ಟು ಮತ್ತು ನೀರು

ಈ ಭಾಗದಲ್ಲಿ ರೇಡಿಯೇಟರಿಗೆ ಮೂರು ಶತ್ರುಗಳು. ಸಂಡೂರಿನ ಗುಡ್ಡಗಳ ರಸ್ತೆಯಲ್ಲಿ ಅದಿರಿನ ಕೆಂಪು ಧೂಳು ರೆಕ್ಕೆಗಳ ನಡುವೆ ಸೇರುತ್ತದೆ. ಎಂಜಿನ್ನಿನಿಂದ ಎಣ್ಣೆ ಜಿನುಗುತ್ತಿದ್ದರೆ ಎರಡೂ ಕಲೆತು ಗಟ್ಟಿ ಮೆತ್ತಿಗೆಯಾಗುತ್ತವೆ. ಕಂಪ್ಲಿ ಕಡೆಯಲ್ಲಿ ಭತ್ತದ ಕಟಾವಿನ ಕಾಲಕ್ಕೆ ಹೊಟ್ಟು, ಹುಲ್ಲಿನ ಚೂರು ಮುಂದಿನ ಜಾಲರಿಗೆ ಅಂಟಿ ಗಾಳಿಯನ್ನು ತಡೆಯುತ್ತವೆ. ಮುಂಭಾಗದಿಂದ ನೋಡಿದರೆ ಸ್ವಚ್ಛವಾಗಿ ಕಂಡರೂ ಒಳಗೆ ಕಟ್ಟಿರುವುದುಂಟು. ಹವಾನಿಯಂತ್ರಣವಿರುವ ದೊಡ್ಡ ಕಾರುಗಳಲ್ಲಿ ಮತ್ತು ಟರ್ಬೊ ಲಾರಿಗಳಲ್ಲಿ ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ ಇದ್ದು, ಕಸವೆಲ್ಲ ಇವೆರಡರ ನಡುವೆ ಕೂಡುತ್ತದೆ.

ಒಣ ಧೂಳಿನ ಮೇಲೆ ನೇರವಾಗಿ ನೀರು ಹಾಯಿಸಿದರೆ ಅದು ಕೆಸರಾಗಿ ಇನ್ನೂ ಒಳಕ್ಕೆ ಇಳಿಯುತ್ತದೆ. ಮೊದಲು ಎಂಜಿನ್ನಿನ ಕಡೆಯಿಂದ ಹೊರಗಡೆಗೆ ಗಾಳಿ ಊದಿ ಧೂಳು ಉದುರಿಸಿ, ಆಮೇಲೆ ಸಾಬೂನು ನೀರು ಹಚ್ಚಿ ನೆನೆಸಿ, ಕಡಿಮೆ ಒತ್ತಡದ ನೀರಿನಿಂದ ಅದೇ ದಿಕ್ಕಿನಲ್ಲಿ ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಜೋರಾದ ಪೈಪು ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಮೂರನೆಯ ಶತ್ರು ಒಳಗಿನದು. ನೀರು ಕಡಿಮೆಯಾದಾಗ ಹತ್ತಿರದ ಬೋರಿನ ನೀರನ್ನೋ, ಹಂಪಿ ಮತ್ತು ಕಮಲಾಪುರದ ಬಾಳೆತೋಟಗಳ ಬದಿಯ ಕಾಲುವೆಯಲ್ಲಿ ಕೊಡ ಅದ್ದಿ ತಂದ ನೀರನ್ನೋ ಸುರಿಯುವುದು ವಾಡಿಕೆ. ಗಡಸು ಬೋರ್ ನೀರು ಕಾದಾಗ, ಸ್ನಾನದ ಹಂಡೆಯಲ್ಲಿ ಕಟ್ಟುವಂತೆಯೇ, ಕೊಳವೆಗಳ ಒಳಮೈಗೆ ಸುಣ್ಣದ ಪೊರೆ ಕಟ್ಟುತ್ತದೆ. ಹಂಡೆಯ ಪೊರೆಯನ್ನು ಕೆರೆದು ತೆಗೆಯಬಹುದು. ರೇಡಿಯೇಟರಿನ ಕೊಳವೆಯೊಳಗೆ ಕೈ ಹೋಗುವುದಿಲ್ಲ. ಮಳೆಗಾಲದ ಕಾಲುವೆ ನೀರಿನಲ್ಲಿರುವ ಮಣ್ಣು ಕೆಳಗಿನ ತೊಟ್ಟಿಯಲ್ಲಿ ತಂಗುತ್ತದೆ. ಬರಿಯ ನೀರು ಕಬ್ಬಿಣದ ಬ್ಲಾಕಿಗೆ ತುಕ್ಕು ಹಿಡಿಸುವುದು ಬೇರೆ.

ನಿಂತ ಗಾಡಿಗೂ ಇದು ತಪ್ಪಿದ್ದಲ್ಲ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆದಾಗ ಸಂಡೂರು ಮತ್ತು ಹೊಸಪೇಟೆಯ ಸುತ್ತ ಸಾಲ ಮಾಡಿ ಕೊಂಡ ಲಾರಿಗಳು ಕೆಲಸವಿಲ್ಲದೆ ನಿಂತವು. ಹಾಗೆ ಬರಿಯ ನೀರು ತುಂಬಿದಂತೆಯೇ ತಿಂಗಳುಗಟ್ಟಲೆ ನಿಂತ ಎಂಜಿನ್ನಿನಲ್ಲಿ ತುಕ್ಕು ಬೆಳೆಯುತ್ತದೆ, ಹೋಸ್ ಪೈಪಿನ ರಬ್ಬರು ಬಿರುಕು ಬಿಡುತ್ತದೆ. ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವ ಟ್ರ್ಯಾಕ್ಟರಿನ ಪಾಡೂ ಇದೇ.

ಪರೀಕ್ಷೆ

ಎಂಜಿನ್ನು ಪೂರ್ಣ ತಣ್ಣಗಿರುವ ಮುಂಜಾನೆಯೇ ಇದಕ್ಕೆ ಸರಿಯಾದ ವೇಳೆ. ಮೊದಲು ಪಂಕದ ಬೆಲ್ಟನ್ನು ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಸಾಮಾನ್ಯ ಬೆಲ್ಟು ಸುಮಾರು ಅರ್ಧ ಅಂಗುಲಕ್ಕಿಂತ ಹೆಚ್ಚು ತಗ್ಗಿದರೆ ಅದು ಸಡಿಲ. ಪಂಕವೂ ನೀರಿನ ಪಂಪೂ ತಕ್ಕಷ್ಟು ತಿರುಗುವುದಿಲ್ಲ. ಪಂಪಿನ ಕೆಳಗೆ ನೀರಿನ ಕಲೆ ಇದೆಯೇ ನೋಡಬೇಕು.

ಅನಂತರ ಮುಚ್ಚಳ ತೆಗೆದು ಎಂಜಿನ್ನು ಚಾಲೂ ಮಾಡಿ ನೀರನ್ನು ಗಮನಿಸಬೇಕು. ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ, ನೀರಿನ ಮೇಲೆ ಎಣ್ಣೆ ತೇಲಿದರೆ ಅಥವಾ ಎಂಜಿನ್ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ಟು ಸುಟ್ಟಿದೆ ಅಥವಾ ಹೆಡ್ಡು ಬಿರಿದಿದೆಯೆಂದು ಅನುಮಾನಿಸಬೇಕು. ಆಗ ಹೊಸ ರೇಡಿಯೇಟರು ಹಾಕಿಸುವುದು ಹಣ ಕಾಲುವೆಗೆ ಎಸೆದಂತೆಯೇ. ಎಂಜಿನ್ನು ಬಿಸಿಯೇರಿದರೂ ಕೆಳಗಿನ ಹೋಸ್ ಪೈಪು ತಣ್ಣಗೇ ಉಳಿದರೆ ಥರ್ಮೊಸ್ಟಾಟು ತೆರೆಯುತ್ತಿಲ್ಲವೆಂದು ಶಂಕಿಸಬಹುದು. ಇದು ಬಹುತೇಕ ಎಂಜಿನ್ನುಗಳಲ್ಲಿ 80 ಡಿಗ್ರಿಯ ಆಸುಪಾಸಿನಲ್ಲಿ ತೆರೆಯತೊಡಗುವ ಕವಾಟ. ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ ಅದು ತೆರೆಯುವುದನ್ನು ಕಣ್ಣಾರೆ ನೋಡಬಹುದು. ಕೆಲವರು ಅದನ್ನು ತೆಗೆದೇ ಬಿಡುತ್ತಾರೆ. ಇದು ಸರಿಯಲ್ಲ, ಎಂಜಿನ್ನು ತಕ್ಕ ಬಿಸಿಗೆ ಬಾರದೆ ಡೀಸೆಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಇವೆಲ್ಲ ಸರಿಯಿದ್ದೂ ಬಿಸಿಯಾಗುತ್ತಿದ್ದರೆ ರೇಡಿಯೇಟರಿನ ಕಡೆ ತಿರುಗಬೇಕು. ಗಾಡಿ ನಿಲ್ಲಿಸಿದ ಮೇಲೆ ಜಾಲರಿಯ ಕೆಲವು ಭಾಗ ಬಿಸಿಯಾಗಿದ್ದು ಕೆಲವು ಭಾಗ ತಣ್ಣಗಿದ್ದರೆ ಅಲ್ಲಿನ ಕೊಳವೆಗಳು ಕಟ್ಟಿವೆ. ಬಿಳಿ ಅಥವಾ ಹಸಿರು ಕಲೆ ಇರುವ ಜಾಗ ಸೋರಿದ ಜಾಗ. ಅರಿಶಿನ ಪುಡಿ ಸುರಿದು ಸೋರಿಕೆ ನಿಲ್ಲಿಸುವ ಹಳೆಯ ಉಪಾಯ ನಡುದಾರಿಯಿಂದ ಊರು ಮುಟ್ಟಲು ಆದೀತು. ಅದೇ ಪುಡಿ ಒಳ್ಳೆಯ ಕೊಳವೆಗಳನ್ನೂ ಕಟ್ಟುವುದರಿಂದ ಊರು ತಲುಪಿದ ಮೇಲೆ ತೊಳೆಯಲೇಬೇಕು.

ತಾಮ್ರ-ಹಿತ್ತಾಳೆಯ ಹಳೆಯ ಮಾದರಿಯಾದರೆ ತವರದ ಬೆಸುಗೆ ಹಾಕಿಸಬಹುದು, ಅಥವಾ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲರಿಯನ್ನಷ್ಟೇ ಹೊಸದು ಮಾಡಿಸಬಹುದು. ಈಚಿನ ಗಾಡಿಗಳ ಅಲ್ಯೂಮಿನಿಯಂ ಜಾಲರಿ ಮತ್ತು ಪ್ಲಾಸ್ಟಿಕ್ ತೊಟ್ಟಿಯ ರೇಡಿಯೇಟರಿಗೆ ಈ ಬೆಸುಗೆ ಹಿಡಿಯುವುದಿಲ್ಲ. ತೊಟ್ಟಿ ಬಿರಿದರೆ ಸಾಮಾನ್ಯವಾಗಿ ಬದಲಿಸುವುದೇ ಮಾರ್ಗ. ಒಳಗನ್ನು ಬಟ್ಟೆ ಸೋಡಾದಿಂದ ತೊಳೆಯುವ ಪದ್ಧತಿಯನ್ನೂ ಅಲ್ಯೂಮಿನಿಯಂ ಇರುವಲ್ಲಿ ಅನುಸರಿಸಬಾರದು. ಸೋಡಾ ಆ ಲೋಹವನ್ನೇ ತಿನ್ನುತ್ತದೆ.

ಬಿಚ್ಚುವುದು, ಕೂಡಿಸುವುದು

ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತಿರುವಬಾರದು. ಒತ್ತಡ ಇಳಿದೊಡನೆ ಒಳಗಿನ ನೀರು ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಗೋಣಿಚೀಲ ಹಾಕಿಕೊಂಡು ತಿರುವುವುದೂ ಸುರಕ್ಷಿತವಲ್ಲ. ಸುಟ್ಟರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು ಆಸ್ಪತ್ರೆಗೆ ಹೋಗಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಕೂಡದು, ಹೆಡ್ಡು ಸೀಳುತ್ತದೆ.

ಗಾಡಿಯನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಅರ್ತ್ ವೈರು ಬಿಚ್ಚಬೇಕು. ವಿದ್ಯುತ್ ಪಂಕವಿರುವ ಕಾರುಗಳಲ್ಲಿ ಪಂಕ ತಾನಾಗಿಯೇ ತಿರುಗಿ ಬೆರಳು ಕಡಿಯುವ ಅಪಾಯವಿದೆ. ಕೆಳಗಿನ ಕಾಕು ತೆರೆದು ದ್ರವವನ್ನು ಅಗಲವಾದ ಬುಟ್ಟಿ ತೊಟ್ಟಿಯಲ್ಲಿ ಹಿಡಿಯಬೇಕು ಮತ್ತು ಎಷ್ಟು ಲೀಟರು ಹೊರಬಂತೆಂದು ಅಳೆದು ಬರೆದಿಡಬೇಕು. ಕೂಲಂಟಿನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ದನ ಮತ್ತು ನಾಯಿಗಳು ಇಷ್ಟಪಟ್ಟು ನೆಕ್ಕುತ್ತವೆ. ಅದು ಮೂತ್ರಪಿಂಡವನ್ನು ಕೆಡಿಸುವ ವಿಷ. ಕೊಟ್ಟಿಗೆಯ ಬಳಿ ಚೆಲ್ಲದೆ, ಮಕ್ಕಳ ಕೈಗೆ ಸಿಗದಂತೆ, ಕಾಲುವೆಗೆ ಹೋಗದಂತೆ ಮುಚ್ಚಳವಿರುವ ಡಬ್ಬದಲ್ಲಿಟ್ಟು ಗ್ಯಾರೇಜಿಗೆ ಕೊಡಬೇಕು.

ಹೋಸ್ ಪೈಪುಗಳ ಕ್ಲಿಪ್ಪು ಸಡಿಲಿಸಿ, ಪಂಕದ ಸುತ್ತಣ ಕವಚವನ್ನು ಹಿಂದಕ್ಕೆ ಸರಿಸಿ, ಪಂಕಕ್ಕೂ ಜಾಲರಿಗೂ ನಡುವೆ ದಪ್ಪ ರಟ್ಟು ನಿಲ್ಲಿಸಬೇಕು. ಈ ರಟ್ಟಿಲ್ಲದೆ ಎತ್ತಲು ಹೋಗಿ ಹೊಸ ಜಾಲರಿಗೆ ಪಂಕದ ಅಲಗು ತಗುಲಿಸಿಕೊಳ್ಳುವುದು ಅಪರೂಪವಲ್ಲ. ಗೇರುಗಳನ್ನು ತಾನೇ ಬದಲಿಸುವ ಕಾರುಗಳಲ್ಲಿ ಗೇರೆಣ್ಣೆಯ ಪೈಪುಗಳೂ ರೇಡಿಯೇಟರಿಗೆ ಬರುವುದುಂಟು. ಅವುಗಳ ಬಾಯಿಗೆ ಬಿರಡೆ ಹಾಕಬೇಕು. ಹವಾನಿಯಂತ್ರಣದ ಅನಿಲದ ಪೈಪುಗಳನ್ನು ಮಾತ್ರ ಬಿಚ್ಚಬಾರದು. ಆ ಜಾಲರಿಯನ್ನು ಪೈಪಿನೊಡನೆ ಪಕ್ಕಕ್ಕೆ ಕಟ್ಟಿಡಬೇಕು. ಲಾರಿಯ ರೇಡಿಯೇಟರು ಭಾರ, ಒಬ್ಬರಿಂದಾಗುವ ಕೆಲಸವಲ್ಲ.

ಹೊಸದನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸಿ ಪೈಪುಗಳ ಸ್ಥಾನ, ಬೋಲ್ಟಿನ ರಂಧ್ರ, ಜಾಲರಿಯ ದಪ್ಪ ಹೋಲಿಸಬೇಕು. ಕೊಳವೆಯ ಸಾಲುಗಳು ಕಡಿಮೆಯಿರುವ ಅಗ್ಗದ ಮಾಲು ಚಳಿಗಾಲದಲ್ಲಿ ಸುಮ್ಮನಿದ್ದು ಏಪ್ರಿಲ್-ಮೇ ಬಿಸಿಲಿನಲ್ಲಿ ಬಣ್ಣ ಬಯಲು ಮಾಡುತ್ತದೆ. ಕೂಡಿಸುವ ಮುನ್ನ ಬ್ಲಾಕಿನೊಳಗೆ ಶುದ್ಧ ನೀರು ಹಾಯಿಸಿ ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇದನ್ನು ಬಿಟ್ಟರೆ ಹಳೆಯ ತುಕ್ಕೆಲ್ಲ ಮೊದಲ ದಿನವೇ ಹೊಸ ಕೊಳವೆಗಳಿಗೆ ಬಂದು ಸೇರುತ್ತದೆ. ಅಡಿಯ ರಬ್ಬರು ಬುಶ್ಶುಗಳು ಜಜ್ಜಿಹೋಗಿದ್ದರೆ ಬದಲಿಸಬೇಕು. ಕೆಟ್ಟ ರಸ್ತೆಯ ಕುಲುಕಾಟವನ್ನು ತಾಳುವುದು ಅವೇ. ಹೋಸ್ ಪೈಪು, ಕ್ಲಿಪ್ಪು, ಮುಚ್ಚಳ ಹೊಸದೇ ಇರಲಿ.

ತುಂಬುವುದಕ್ಕೆ ತಯಾರಕರು ಹೇಳಿದ ಜಾತಿಯ ಕೂಲಂಟನ್ನೇ ಬಳಸಬೇಕು. ಬೆರೆಸಿ ಸಿದ್ಧವಾದುದಾದರೆ ನೀರು ಸೇರಿಸಬಾರದು. ಗಟ್ಟಿ ಕೂಲಂಟಾದರೆ ಡಬ್ಬದ ಮೇಲಿನ ಪ್ರಮಾಣದಂತೆ ಬಟ್ಟಿ ಇಳಿಸಿದ ನೀರು ಬೆರೆಸಬೇಕು. ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬೋರ್ ನೀರಿಗಿಂತ ಎಷ್ಟೋ ಮೇಲು. ಎರಡು ಜಾತಿಯ ಕೂಲಂಟು ಬೆರೆಸಿದರೆ ಒಳಗೆ ಗಸಿ ಕಟ್ಟಬಹುದು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಎನ್ನುವಂತಿಲ್ಲ.

ದ್ರವವನ್ನು ನಿಧಾನವಾಗಿ ಸುರಿಯಬೇಕು. 10 ಲೀಟರು ತೆಗೆದಲ್ಲಿ 8 ಲೀಟರಿಗೇ ಬಾಯಿವರೆಗೆ ತುಂಬಿದರೆ ಉಳಿದ 2 ಲೀಟರಿನ ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿದೆಯೆಂದು ಅರ್ಥ. ಗಾಳಿ ಬಿಡುವ ತಿರುಪು ಇದ್ದಲ್ಲಿ ಅದನ್ನು ಸಡಿಲಿಸಬೇಕು. ಇಲ್ಲದಿದ್ದಲ್ಲಿ ಬ್ಯಾಟರಿ ವೈರು ಕೂಡಿಸಿ, ಮುಚ್ಚಳ ತೆರೆದಿಟ್ಟೇ ತಣ್ಣನೆಯ ಎಂಜಿನ್ನನ್ನು ನಿಧಾನ ವೇಗದಲ್ಲಿ ಓಡಿಸಬೇಕು. ಥರ್ಮೊಸ್ಟಾಟು ತೆರೆದಾಗ ಮಟ್ಟ ತಟ್ಟನೆ ಇಳಿಯುತ್ತದೆ. ಆಗ ಉಳಿದ ದ್ರವ ಸೇರಿಸಿ ಮುಚ್ಚಳ ಬಿಗಿಯಬೇಕು. ಮುಖವನ್ನು ಬಾಯಿಯ ಮೇಲೆ ಬಗ್ಗಿಸಬಾರದು.

ಮರುದಿನ ಮುಂಜಾನೆ ಮಟ್ಟ ನೋಡಿ, ನೆಲದ ಮೇಲೆ ಒದ್ದೆ ಇದೆಯೇ ಪರೀಕ್ಷಿಸಿ, ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಮೊದಲ ಭಾರದ ಕೆಲಸ ಊರ ಸಮೀಪದ ಗದ್ದೆಯಲ್ಲಾದರೆ ಒಳ್ಳೆಯದು, ಸಂಡೂರಿನ ಏರು ಆಮೇಲೆ. ಅರ್ಧ ಗಂಟೆಗೊಮ್ಮೆ ಶಾಖದ ಮುಳ್ಳನ್ನು ನೋಡುತ್ತ, ಅದು ಎಂದಿನ ಜಾಗದಲ್ಲೇ ನಿಂತರೆ ಸಂಜೆ ಎಂಜಿನ್ನು ತಣಿದ ಮೇಲೆ ಮಟ್ಟವನ್ನು ಕಡೆಯ ಬಾರಿ ಸರಿಪಡಿಸಿದರೆ ಆಯಿತು.