ಮೆಣಸಿನಗಿಡದ ಸಾಲಿಗೆ ರವದಿಯ ಹೊದಿಕೆ

ಮುಂಗಾರು ಮಳೆ ನಾಲ್ಕು ದಿನ ಹಿಡಿದರೆ ಎರಿ ಹೊಲದಲ್ಲಿ ಕುಂಟೆ ಆಡುವುದಿಲ್ಲ. ಅಷ್ಟರಲ್ಲಿ ಕಸ ಎದ್ದು ಮೆಣಸಿನ ಸಸಿಯನ್ನೇ ಮುಚ್ಚುತ್ತದೆ. ಮಳೆ ಹೊಳವಾದ ಮೇಲೆ ಊರಿಗೆಲ್ಲ ಒಮ್ಮೆಲೇ ಆಳು ಬೇಕು; ಕೂಲಿ ಹೆಚ್ಚು ಕೊಡುತ್ತೇವೆಂದರೂ ಸಿಗುವುದಿಲ್ಲ. ಸಿಂಗಟಾಲೂರು, ಹಮ್ಮಿಗಿ ಕಡೆಯ ತುಂಗಭದ್ರೆಯ ದಂಡೆಯಲ್ಲಿ ಮೆಣಸಿನಕಾಯಿ ಹಾಕುವವರಿಗೆ ಈ ಪಾಡು ಹೊಸದಲ್ಲ. ನಾಟಿಯಾದ ಮೊದಲ ಒಂದೂವರೆ, ಎರಡು ತಿಂಗಳು ಕಸಕ್ಕೆ ಹೊಲ ಬಿಟ್ಟುಕೊಟ್ಟರೆ, ಮುಂದೆ ಎಷ್ಟು ಗೊಬ್ಬರ ಸುರಿದರೂ ಗಿಡ ಕಸುವು ಹಿಡಿಯದು.

ಕಸ ಏಳದಂತೆ ಸಾಲಿಗೆ ಹಾಸುವ ಹೊದಿಕೆಗೆ ಬೇಕಾದ ಸಾಮಗ್ರಿಗೆ ನಾವೇ ಬೆಂಕಿ ಹಚ್ಚುತ್ತಿದ್ದೇವೆ. ಕಬ್ಬಿನ ರವದಿ, ಗೋವಿನಜೋಳದ ದಂಟು, ಶೇಂಗಾ ಸಿಪ್ಪೆ, ದನ ಮುಟ್ಟದೆ ಬಿಟ್ಟ ಭತ್ತದ ಹುಲ್ಲು ಎಲ್ಲವೂ ಹೊದಿಕೆಗೆ ಬರುತ್ತವೆ. ಜೋಳದ ಕಣಿಕೆಯನ್ನು ಮಾತ್ರ ಹಾಸಬೇಡಿ. ಬರಗಾಲದಲ್ಲಿ ಎತ್ತುಗಳನ್ನು ಉಳಿಸುವುದು ಅದೇ.

ಕಸದ ಬೀಜ ಬಹುಪಾಲು ಸಣ್ಣವು. ಮೊಳಕೆಗೆ ಬೆಳಕು ಬೇಕು. ಬೆಳಕಿಲ್ಲದೆ ಮೊಳೆತರೂ ದಪ್ಪ ಹೊದಿಕೆ ಸೀಳಿ ಮೇಲೆ ಬರುವಷ್ಟು ಕಸುವು ಅವುಗಳಲ್ಲಿ ಇರುವುದಿಲ್ಲ. ಹಾಸಿದ ಮೇಲೆ ಬಗ್ಗಿ ನೋಡಿ: ಸಂದಿಯಲ್ಲಿ ಮಣ್ಣು ಕಂಡರೆ ಸಾಲದು. ರವದಿ ಕುಸಿದ ಮೇಲೂ 2-3 ಇಂಚು ಉಳಿಯಬೇಕು.

ಹೊದಿಕೆ ಹಾಕಿದ ಸಾಲಿನಲ್ಲಿ ಎಡೆಕುಂಟೆ ಓಡದು. ಹೀಗಾಗಿ ಹಾಸುವ ಹೊತ್ತು ಮುಖ್ಯ. ನಾಟಿಯಾದ ಮೂರ್ನಾಲ್ಕು ವಾರಕ್ಕೆ, ಒಂದೆರಡು ಸಲ ಎಡೆ ಹೊಡೆದು, ಬುಡದ ಕಸ ಕೈಯಿಂದ ಕಿತ್ತು, ಮಣ್ಣು ಹಸಿಯಿರುವಾಗಲೇ ಹಾಸಿ. ಒಣ ಮಣ್ಣಿನ ಮೇಲೆ ಹಾಸಿದರೆ ಸಣ್ಣ ಮಳೆಯೆಲ್ಲ ರವದಿಯಲ್ಲೇ ಇಂಗಿ ಬೇರಿಗೆ ಮುಟ್ಟುವುದಿಲ್ಲ. ಹನಿ ನೀರಾವರಿ ಇದ್ದವರು ಪೈಪನ್ನು ಹೊದಿಕೆಯ ಕೆಳಗೇ ಇಡಿ. ಕಾಂಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಡುವುದನ್ನು ಮರೆಯಬೇಡಿ. ಎರಿ ಮಣ್ಣಿನಲ್ಲಿ ಹಸಿ ರವದಿ ಬುಡಕ್ಕೆ ತಾಗಿದರೆ ಕೊಳೆ ಬರುತ್ತದೆ. ನೀರು ನಿಲ್ಲುವ ತಗ್ಗಿನಲ್ಲಂತೂ ಹಾಸಲೇಬೇಡಿ. ಮಸಾರಿ ನೆಲದಲ್ಲಿ ಗೆದ್ದಲಿನ ಮೇಲೆ ಕಣ್ಣಿಡಿ.

ಜೇಕು, ಕರಿಕೆಗೆ ಈ ಹೊದಿಕೆ ಲೆಕ್ಕಕ್ಕಿಲ್ಲ. ಜೇಕಿನ ಮೊನೆ ರವದಿಯನ್ನು ಸೂಜಿಯಂತೆ ತೂರಿ ಬರುತ್ತದೆ. ಅವನ್ನು ಬೇಸಿಗೆಯಲ್ಲೇ ಆಳವಾಗಿ ಉಳುಮೆ ಮಾಡಿ, ಗಡ್ಡೆ, ಬೇರು ಆರಿಸಿ ತೆಗೆಯಬೇಕು. ಕಾಂಗ್ರೆಸ್ ಕಸವನ್ನೂ ಹಾಸಬಹುದು, ಆದರೆ ಹೂ ಬಿಡುವ ಮೊದಲೇ ಕಿತ್ತಿರಬೇಕು, ಕೀಳುವಾಗ ಕೈಗೆ ಚೀಲ ತೊಟ್ಟಿರಬೇಕು. ಮೈಗೆ ತಾಗಿದರೆ ತುರಿಕೆ ಬಿಡದು. ಟು-ಫೋರ್-ಡಿ ಕಳೆನಾಶಕ ಹೊಡೆದ ಹೊಲದಿಂದ ಆಗಷ್ಟೇ ಕೊಯ್ದ ಹುಲ್ಲು, ರವದಿಯನ್ನು ಹೊದಿಕೆಗೆ ತರಲೇಬೇಡಿ. ಮೆಣಸಿನಗಿಡಕ್ಕೆ ಆ ಔಷಧ ಆಗುವುದಿಲ್ಲ, ಎಲೆ ಮುರುಟುತ್ತದೆ.

ಒಣ ರವದಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳು ಬಳಸಿಕೊಳ್ಳುತ್ತವೆ. ಕೆಲವು ವಾರ ಗಿಡ ತಿಳಿಹಳದಿಗೆ ತಿರುಗಿದರೆ ಗಾಬರಿ ಬೇಡ. ಮೇಲುಗೊಬ್ಬರವನ್ನು ರವದಿಯ ಮೇಲೆ ಎರಚದೆ, ಸರಿಸಿ ಮಣ್ಣಿಗೆ ಕೊಡಿ, ಇಲ್ಲವೇ ಹನಿ ನೀರಿನಲ್ಲಿ ಬಿಡಿ. ಪ್ರಮಾಣಕ್ಕೆ ಮಣ್ಣು ಪರೀಕ್ಷೆ ಮಾಡಿಸಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಕಬ್ಬು ಕಡಿಯುವುದು ಚಳಿಗಾಲದಿಂದ ಬೇಸಿಗೆವರೆಗೆ, ಮೆಣಸಿನಗಿಡ ನಾಟಿ ಮುಂಗಾರಿಗೆ. ನಡುವಿನ ತಿಂಗಳುಗಳಲ್ಲಿ ರವದಿಯನ್ನು ಬದುವಿನ ಮೇಲೆ ಬಣವಿ ಒಟ್ಟಿ, ಸುತ್ತ ಎರಡು ಮಾರು ನೆಲವನ್ನು ಹರಗಿ ಇಡಿ, ಪಕ್ಕದ ಹೊಲದ ಬೆಂಕಿ ಹರಿದು ಬರದಂತೆ.