ಮಡಿಸುವ ಕ್ಯಾಮರಾ: ಪರೀಕ್ಷೆ ಮತ್ತು ಪಾಲನೆ

ಕೋಟಿನ ಜೇಬಿನಲ್ಲಿ ಹಿಡಿಸುವಂತಹ ಪೆಟ್ಟಿಗೆಯೊಂದರ ಗುಂಡಿಯನ್ನು ಒತ್ತಿದೊಡನೆ ಮುಂಬಾಗಿಲು ಕೆಳಗಿಳಿದು, ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಕಪ್ಪು ಚೀಲವನ್ನು ಎಳೆದುಕೊಂಡು ಮಸೂರವು ಹೊರಬಂದು ನಿಲ್ಲುತ್ತದೆ. ಇದು ಕೇವಲ ಚಮತ್ಕಾರವಲ್ಲ. 6×9 ಸೆಂಟಿಮೀಟರ್ ಅಳತೆಯ ಚಿತ್ರಕ್ಕೆ ಸಾಮಾನ್ಯವಾಗಿ 105 ಮಿಲಿಮೀಟರ್ ನಾಭಿದೂರದ ಮಸೂರ ಬೇಕು. ಎಂದರೆ ಮಸೂರಕ್ಕೂ ಫಿಲಮಿಗೂ ನಡುವೆ ನಾಲ್ಕು ಅಂಗುಲಗಳಿಗೂ ಮಿಕ್ಕ ಅಂತರವಿರಬೇಕು. ಆ ಅಂತರವನ್ನು ಕೆಲಸವಿಲ್ಲದಾಗ ಮಡಿಸಿಡುವ ಉಪಾಯವೇ ತಿದಿ.

ಈ ಕ್ಯಾಮರಾಗಳಲ್ಲಿ ಬಹುಮಟ್ಟಿಗೆ ಬಳಕೆಯಾಗುವುದು ಕೊಡಕ್ ಸಂಸ್ಥೆಯು 1901ರಲ್ಲಿ ಹೊರತಂದ 120ನೆಯ ಸುರುಳಿ. ಇದು ಇಂದಿಗೂ ತಯಾರಾಗುತ್ತಿದೆ. ಒಂದು ಸುರುಳಿಯಲ್ಲಿ 6×9 ಅಳತೆಯ 8 ಅಥವಾ 6×6 ಅಳತೆಯ 12 ಚಿತ್ರಗಳನ್ನು ತೆಗೆಯಬಹುದು. ಆದರೆ ಕೊಳ್ಳುವ ಮುನ್ನ ಎಚ್ಚರಿಕೆ ಅಗತ್ಯ: ಕೆಲವು ಹಳೆಯ ಕ್ಯಾಮರಾಗಳು 620ನೆಯ ಸುರುಳಿಗಾಗಿ ರಚಿತವಾದವು. ಫಿಲಮಿನ ಅಗಲ ಒಂದೇ ಆದರೂ ಅದರ ಉರುಳೆ ತೆಳುವಾದುದು. ಕೊಡಕ್ ಅದನ್ನು 1995ರಲ್ಲಿ ನಿಲ್ಲಿಸಿತು.

ಜರ್ಮನಿಯ ಐಕಾಂಟಾ, ಬೆಸ್ಸಾ, ಐಸೊಲೆಟ್, ಸೋವಿಯತ್ ದೇಶದ ಮಾಸ್ಕ್ವಾ ಮೊದಲಾದವು ಹೆಸರಾಂತವು. ಆದರೆ ಅರ್ಧ ಶತಮಾನ ಮೀರಿದ ಯಂತ್ರದಲ್ಲಿ ಹೆಸರಿಗಿಂತ ಈಗಿನ ಸ್ಥಿತಿಯೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಕೆಟ್ಟ ತಿದಿಯ ಸೂಪರ್ ಐಕಾಂಟಾಕ್ಕಿಂತ ಒಳ್ಳೆಯ ತಿದಿಯ ಅಗ್ಗದ ಕ್ಯಾಮರಾ ಲೇಸು. ಮದುವೆಯ ಮನೆಯಲ್ಲಿ ತೆಗೆದ ಎಂಟು ಚಿತ್ರಗಳನ್ನು ಸೂಜಿಮೊನೆಯಷ್ಟು ರಂಧ್ರವೊಂದು ಹಾಳುಮಾಡಬಲ್ಲುದು; ಆ ಮುಹೂರ್ತವಾದರೋ ಮತ್ತೆ ಬಾರದು.

ತಿದಿಯನ್ನು ಪರೀಕ್ಷಿಸಲು ಕತ್ತಲೆಯ ಕೋಣೆ ಬೇಕು. ಹಿಂಬಾಗಿಲನ್ನು ತೆರೆದು, ಸಣ್ಣ ಟಾರ್ಚನ್ನು ಒಳಗೆ ಹಿಡಿದು, ತಿದಿಯ ಹೊರಮೈಯನ್ನು, ವಿಶೇಷವಾಗಿ ಮಡಿಕೆಗಳು ಕೂಡುವ ಮೂಲೆಗಳನ್ನು, ಎಲ್ಲ ಕಡೆಗಳಿಂದಲೂ ನೋಡಬೇಕು. ರಂಧ್ರವಿದ್ದಲ್ಲಿ ನಕ್ಷತ್ರದಂತೆ ಮಿನುಗುತ್ತದೆ. ಒಂದೆರಡಿದ್ದರೆ ಬಗ್ಗುವ ಕಪ್ಪು ಬಣ್ಣವನ್ನು ತೆಳ್ಳಗೆ ಸವರಬಹುದು. ದಪ್ಪ ಪಟ್ಟಿಯನ್ನು ಅಂಟಿಸಿದರೆ ತಿದಿ ಮಡಿಯಲೊಲ್ಲದು. ಮೂಲೆಗಳೆಲ್ಲ ಸವೆದಿದ್ದರೆ ಹೊಸ ತಿದಿಯೇ ಗತಿ.

ಎರಡನೆಯ ಪರೀಕ್ಷೆಯನ್ನು ಕೊಳ್ಳುವವರಲ್ಲಿ ಅನೇಕರು ಮಾಡುವುದೇ ಇಲ್ಲ. ಫಿಲಂ ಹಾಯುವ ಕಂಬಿಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಬಿಗಿಯಾಗಿ ಹರಡಿ, ಷಟರನ್ನು 'ಬಿ' ಗುರುತಿನಲ್ಲಿ ತೆರೆದಿರಿಸಿ, ಮಸೂರದ ದ್ವಾರವನ್ನು ಪೂರ್ತಿ ಅಗಲಿಸಿ, ದೂರದ ಬೆಟ್ಟವನ್ನೋ ಗೋಪುರವನ್ನೋ ನೋಡಬೇಕು. ದೂರದ ಅಳತೆಯು ಅನಂತದಲ್ಲಿರುವಾಗ ಬಿಂಬವು ಸ್ಪಷ್ಟವಾಗಿರತಕ್ಕದ್ದು. ನಡುವೆ ಸ್ಪಷ್ಟವಾಗಿದ್ದು ಒಂದು ಪಕ್ಕದಲ್ಲಿ ಮಾತ್ರ ಮಸುಕಾದರೆ, ಮಸೂರವನ್ನು ಹೊತ್ತ ಚೌಕಟ್ಟು ಓರೆಯಾಗಿದೆಯೆಂದು ತಿಳಿಯಬೇಕು. ಎಲ್ಲೆಡೆಯೂ ಮಸುಕಾದರೆ ದೋಷವು ಹೆಚ್ಚಾಗಿ ಮಸೂರದ ಎಳೆಗಳಲ್ಲಿರುತ್ತದೆ. ಹಲವು ಕ್ಯಾಮರಾಗಳಲ್ಲಿ ಮುಂದಿನ ಗಾಜೊಂದೇ ತಿರುಗಿ ದೂರವನ್ನು ಹೊಂದಿಸುತ್ತದೆ. ಅಗ್ಫಾ ಕ್ಯಾಮರಾಗಳಲ್ಲಿ ಇಲ್ಲಿನ ಹಸಿರು ಜಿಡ್ಡು ಕಾಲಕ್ರಮೇಣ ಅರಗಿನಂತೆ ಗಟ್ಟಿಯಾಗಿ, ಮುಂದಿನ ಗಾಜೂ ಅದರ ಹಿಂದಿನದೂ ಕೂಡಿಕೊಂಡೇ ತಿರುಗತೊಡಗುತ್ತವೆ. ಆಗ ಅಂಕಿಗಳು ಸರಿಯಾಗಿಯೇ ಕಂಡರೂ ಚಿತ್ರ ಮಾತ್ರ ಮಸುಕು! ಬಲವಂತವಾಗಿ ತಿರುಗಿಸದೆ ಬಲ್ಲ ಕುಶಲಿಗೆ ಒಪ್ಪಿಸುವುದು ಮೇಲು.

ಷಟರಿನ ಒಂದು ಸೆಕೆಂಡು ಎರಡಾಗಿ ಎಳೆದರೆ ಜಿಡ್ಡು ಸೇರಿದೆಯೆಂದರ್ಥ. ಎಣ್ಣೆ ಬಿಡುವುದು ದೊಡ್ಡ ತಪ್ಪು. ಅದು ತೆಳು ಎಲೆಗಳ ಮೇಲೆ ಹರಡಿ ಅವನ್ನು ಅಂಟಿಸಿಬಿಡುತ್ತದೆ. ಕಾಂಪುರ್ ರ್‍ಯಾಪಿಡ್ ಷಟರಿನಲ್ಲಿ 1/500 ಸೆಕೆಂಡಿನ ವೇಗವನ್ನು ಬಿಗಿಯುವ ಮೊದಲೇ ಹೊಂದಿಸಬೇಕು, ಅನಂತರವಲ್ಲ.

ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟೇ ವೈರಿ. ಕ್ಯಾಮರಾವನ್ನು ಅದರ ತೊಗಲಿನ ಚೀಲದಲ್ಲಿಟ್ಟರೆ ತೊಗಲು ಹೀರಿದ ತೇವವೇ ಬೂಷ್ಟನ್ನು ಸಾಕುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಇಡುವುದು ಕ್ಷೇಮ.

ಬಳಸುವಾಗ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಕ್ಯಾಮರಾವನ್ನು ಫಟ್ಟನೆ ತೆರೆದರೆ ಹಿಗ್ಗುವ ತಿದಿಯೊಳಗೆ ಗಾಳಿಯ ಒತ್ತಡ ಇಳಿದು, ಫಿಲಂ ಮುಂದಕ್ಕೆ ಉಬ್ಬುತ್ತದೆ. ಆದುದರಿಂದ ಬಾಗಿಲನ್ನು ಕೈಯಿಂದ ತಡೆಹಿಡಿದು ಮೆಲ್ಲನೆ ತೆರೆದು, ಆಮೇಲೆ ಫಿಲಮನ್ನು ಮುಂದಕ್ಕೆ ಸುತ್ತಬೇಕು. ಸುತ್ತುವಾಗ ಹಿಂಬದಿಯ ಕೆಂಪು ಕಿಟಕಿಯನ್ನು ಅಂಕಿ ಕಾಣುವಷ್ಟು ಹೊತ್ತು ಮಾತ್ರ, ಅದೂ ನೆರಳಿನಲ್ಲಿ, ತೆರೆಯತಕ್ಕದ್ದು. ಇಂದಿನ ಬಹುಪಾಲು ಫಿಲಮುಗಳಿಗೆ ಕೆಂಪು ಬೆಳಕೂ ಬೆಳಕೇ.