ನೆನಪಿಗೆ ಯಂತ್ರದ ಆಸರೆ ಸಾಧ್ಯವೇ?

ಕಳೆದ ರಂಜಾನಿನ ಒಂದು ಸಂಜೆ. ಇಫ್ತಾರ್ ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ನನ್ನ ದಾದಿ ಅಮ್ಮಿಯನ್ನು ಕರೆದು, “ರೋಜಾ ಬಿಡಲು ಇನ್ನೂ ಎಷ್ಟು ಹೊತ್ತಿದೆ?” ಎಂದು ಕೇಳಿದರು. ಖರ್ಜೂರದ ಬೀಜ ಅವರ ಮುಂದಿನ ತಟ್ಟೆಯಲ್ಲೇ ಇತ್ತು. ಅದೇ ದಾದಿ ತಮ್ಮ ಮದುವೆಯ ದಿನ ಯಾರು ಯಾವ ಗಾಡಿಯಲ್ಲಿ ಬಂದಿದ್ದರು ಎಂಬುದನ್ನು ಒಂದೂ ತಪ್ಪದೆ ಹೇಳುತ್ತಾರೆ. ಹಳೆಯದೆಲ್ಲ ಇದೆ, ಹೊಸದು ಮಾತ್ರ ನಿಲ್ಲುವುದಿಲ್ಲ.

ಅದೇ ವಾರ ನನ್ನ ತಮ್ಮ ಮೊಬೈಲಿನಲ್ಲಿ ಏನನ್ನೋ ನೋಡಿ, “ಮೆದುಳಿಗೆ ಚಿಪ್ ಹಾಕಿದರೆ ನೆನಪು ವಾಪಸ್ ಬರುತ್ತದಂತೆ” ಎಂದ. ಅಬ್ಬಾ ನನ್ನ ಕಡೆ ತಿರುಗಿ, “ನೀನು ಸೈನ್ಸ್ ಓದುತ್ತೀಯಲ್ಲ, ಇದು ನಿಜವಾ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ನಾನು ಓದಿ ತಿಳಿದದ್ದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಹಿಪೊಕ್ಯಾಂಪಸ್ ಎಂಬ ಬಾಗಿಲು

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವೆಲ್ಲರೂ ಹಿಪೊಕ್ಯಾಂಪಸ್ ಎಂಬ ಹೆಸರನ್ನು ಲಿಂಬಿಕ್ ವ್ಯವಸ್ಥೆಯ ಭಾಗವಾಗಿ ಓದಿದ್ದೇವೆ. ಅದರ ಮಹತ್ವ ಜಗತ್ತಿಗೆ ತಿಳಿದದ್ದು ಒಬ್ಬ ರೋಗಿಯಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ತೀವ್ರವಾದ ಮೂರ್ಛೆರೋಗವಿತ್ತು. 1953ರಲ್ಲಿ, ಅವನ 27ನೇ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮೆದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೂ ದಿನನಿತ್ಯದ ಹೊಸ ಘಟನೆಗಳು ಅವನ ನೆನಪಿನಲ್ಲಿ ಉಳಿಯಲಿಲ್ಲ. ಬಾಲ್ಯದ ನೆನಪುಗಳು ಮಾತ್ರ ಇದ್ದವು.

ಅವನನ್ನು ದೀರ್ಘಕಾಲ ಅಧ್ಯಯನ ಮಾಡಿದವರು ಬ್ರೆಂಡಾ ಮಿಲ್ನರ್. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಆಕಾರದ ಗೆರೆಯನ್ನು ತಿದ್ದುವ ಕೆಲಸವನ್ನು ಅವರು ಅವನಿಗೆ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಹಿಂದಿನ ದಿನ ಅದೇ ಕೆಲಸ ಮಾಡಿದ್ದೇ ಅವನಿಗೆ ನೆನಪಿರುತ್ತಿರಲಿಲ್ಲ. ಕೈಯ ಕೌಶಲಕ್ಕೆ ಒಂದು ದಾರಿ, ಘಟನೆಯ ನೆನಪಿಗೆ ಬೇರೊಂದು ದಾರಿ ಇದೆ ಎಂಬುದು ಇದರಿಂದ ತಿಳಿಯಿತು. ಘಟನೆಗಳು ದೀರ್ಘಕಾಲದ ನೆನಪಾಗಲು ಹಿಪೊಕ್ಯಾಂಪಸ್ ಎಂಬ ಬಾಗಿಲನ್ನು ದಾಟಬೇಕು. ದಾದಿಯ ಮದುವೆ ಆ ಬಾಗಿಲನ್ನು ಎಂದೋ ದಾಟಿದೆ. ಇಂದಿನ ಇಫ್ತಾರ್ ದಾಟುತ್ತಿಲ್ಲ.

ಅರ್ಥ ತಿಳಿಯದ ಭಾಷಾಂತರಕಾರ

ಈ ಬಾಗಿಲಿಗೆ ಯಂತ್ರದ ಆಸರೆ ಕೊಡಬಹುದೇ ಎಂದು ದಶಕಗಳ ಕಾಲ ಯೋಚಿಸಿದವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಿಯೋಡರ್ ಬರ್ಗರ್. ಅವರು ಮತ್ತು ವೇಕ್ ಫಾರೆಸ್ಟ್ ಸಂಸ್ಥೆಯ ಸ್ಯಾಮ್ ಡೆಡ್‌ವೈಲರ್, ರಾಬರ್ಟ್ ಹ್ಯಾಂಪ್ಸನ್ ಸೇರಿ ಮೊದಲು ಇಲಿಗಳಲ್ಲಿ ಪ್ರಯೋಗ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅನಂತರ ಕೋತಿಗಳಲ್ಲಿ ಪ್ರಯೋಗ ನಡೆಯಿತು. ಮನುಷ್ಯರಲ್ಲಿ ಮಾಡಿದ ಪ್ರಯೋಗದ ಲೇಖನ 2018ರಲ್ಲಿ ‘ಜರ್ನಲ್ ಆಫ್ ನ್ಯೂರಲ್ ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ಬಂತು. ಅದರ ಮೊದಲ ಲೇಖಕರು ಹ್ಯಾಂಪ್ಸನ್.

ಪ್ರಯೋಗಕ್ಕಾಗಿ ಯಾರ ತಲೆಯನ್ನೂ ತೆರೆಯಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮೂರ್ಛೆ ಮೆದುಳಿನ ಯಾವ ಭಾಗದಿಂದ ಹುಟ್ಟುತ್ತಿದೆ ಎಂದು ಪತ್ತೆಹಚ್ಚಲು ಆಸ್ಪತ್ರೆಯಲ್ಲಿ ಈಗಾಗಲೇ ವಿದ್ಯುದ್ವಾರಗಳನ್ನು, ಅಂದರೆ ಎಲೆಕ್ಟ್ರೋಡುಗಳನ್ನು, ಅಳವಡಿಸಿಕೊಂಡಿದ್ದ ರೋಗಿಗಳು ಒಪ್ಪಿಗೆ ಕೊಟ್ಟು ಭಾಗವಹಿಸಿದರು.

ಕೆಲಸದ ಕ್ರಮ ಹೀಗಿದೆ. ಹಿಪೊಕ್ಯಾಂಪಸ್‌ನಲ್ಲಿ ಸಿಎ3 ಎಂಬ ಭಾಗದ ನರಕೋಶಗಳು ಸಿಎ1 ಎಂಬ ಭಾಗಕ್ಕೆ ಸಂಕೇತ ಕಳಿಸುತ್ತವೆ. ರೋಗಿಗೆ ಪರದೆಯ ಮೇಲೆ ಒಂದು ಚಿತ್ರ ತೋರಿಸುತ್ತಾರೆ. ಸ್ವಲ್ಪ ಹೊತ್ತು ಪರದೆ ಖಾಲಿ. ಆಮೇಲೆ ಹಲವು ಚಿತ್ರಗಳ ನಡುವೆ ಮೊದಲು ನೋಡಿದ್ದನ್ನು ಗುರುತಿಸಬೇಕು. ಈ ಹೊತ್ತಿನಲ್ಲಿ ಎರಡೂ ಭಾಗಗಳ ಕೋಶಗಳ ಮಿಡಿತವನ್ನು ಯಂತ್ರ ದಾಖಲಿಸುತ್ತದೆ. ಉತ್ತರ ಸರಿಯಾದಾಗ ಸಿಎ3ರ ಮಿಡಿತಕ್ಕೆ ಸಿಎ1 ಹೇಗೆ ಸ್ಪಂದಿಸಿತು ಎಂಬುದನ್ನು ‘ಮಿಮೊ’ ಎಂಬ ಗಣಿತದ ಮಾದರಿ ಲೆಕ್ಕಹಾಕುತ್ತದೆ. ಮುಂದಿನ ಹಂತದಲ್ಲಿ, ಹೊಸ ಚಿತ್ರವನ್ನು ನೋಡುತ್ತಿರುವ ಹೊತ್ತಿನಲ್ಲೇ, ಆ ಮಾದರಿ ಸೂಚಿಸಿದ ವಿನ್ಯಾಸದಲ್ಲಿ ಸಿಎ1ಕ್ಕೆ ಸಣ್ಣ ವಿದ್ಯುತ್ ಸ್ಪಂದನಗಳನ್ನು ಕೊಡುತ್ತಾರೆ.

ಇದನ್ನು ನಾನು ನನ್ನದೇ ಅನುಭವದಿಂದ ಅರ್ಥಮಾಡಿಕೊಂಡೆ. ದಾದಿಗೆ ಕನ್ನಡ ಅಷ್ಟಾಗಿ ಬಾರದು. ವೈದ್ಯರು ಹೇಳಿದ್ದನ್ನು ನಾನು ದಖನಿಯಲ್ಲಿ ಹೇಳುತ್ತೇನೆ. ಔಷಧಿಗಳ ಹೆಸರು ನನಗೂ ಗೊತ್ತಿರುವುದಿಲ್ಲ, ಆದರೂ ಮಾತನ್ನು ದಾಟಿಸುತ್ತೇನೆ. ಈ ಯಂತ್ರವೂ ಅಂಥ ಭಾಷಾಂತರಕಾರ. ಚಿತ್ರದಲ್ಲಿ ಇರುವುದು ಹೂವೋ ಮನೆಯೋ ಎಂಬುದು ಅದಕ್ಕೆ ತಿಳಿಯದು. ಆ ವ್ಯಕ್ತಿಯ ಮೆದುಳು ಚೆನ್ನಾಗಿ ಕೆಲಸ ಮಾಡಿದಾಗ ಬಳಸುವ ಸಂಕೇತದ ಶೈಲಿಯನ್ನು ಅದು ಕಲಿತು ಮತ್ತೆ ನುಡಿಯುತ್ತದೆ. ಪೆನ್ ಡ್ರೈವಿನಿಂದ ಕಡತ ಹಾಕಿದಂತೆ ಹೊರಗಿನ ನೆನಪನ್ನು ಅದು ಒಳಗೆ ತುಂಬುವುದಿಲ್ಲ.

ಫಲಿತಾಂಶ ಏನು? ಅಲ್ಪಾವಧಿಯ ನೆನಪಿನ ಪರೀಕ್ಷೆಯಲ್ಲಿ 37 ಶೇಕಡಾ ಸುಧಾರಣೆ ಕಂಡಿತು. ಹೆಚ್ಚು ಹೊತ್ತು ಕಳೆದ ಮೇಲೆ ಚಿತ್ರಗಳನ್ನು ಗುರುತಿಸುವ ಪರೀಕ್ಷೆಯಲ್ಲಿ 35 ಶೇಕಡಾ. ಇದರ ಅರ್ಥ ಪರೀಕ್ಷೆಯಲ್ಲಿ 37 ಅಂಕ ಹೆಚ್ಚು ಸಿಗುತ್ತದೆ ಎಂದಲ್ಲ! ಭಾಗವಹಿಸಿದವರ ಮೊದಲಿನ ಮಟ್ಟಕ್ಕೆ ಹೋಲಿಸಿದ ಹೆಚ್ಚಳ ಇದು. ಭಾಗವಹಿಸಿದವರೂ ಕೆಲವೇ ಮಂದಿ.

ವಿದ್ಯುತ್ತಿಗಿಂತ ಹೊತ್ತು ಮುಖ್ಯ

ಹಾಗಾದರೆ ಹಿಪೊಕ್ಯಾಂಪಸ್‌ಗೆ ವಿದ್ಯುತ್ ಕೊಟ್ಟರೆ ಸಾಕೇ? ಸಾಲದು. ಜೋಶುವಾ ಜೇಕಬ್ಸ್ ಮತ್ತು ಸಂಗಡಿಗರು 2016ರಲ್ಲಿ ‘ನ್ಯೂರಾನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಕ್ಕೆ ನೇರವಾಗಿ ವಿದ್ಯುತ್ ಕೊಟ್ಟಾಗ ನೆನಪು ಕುಗ್ಗಿತು. ಇನ್ನೊಂದು ಕಡೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೈಕಲ್ ಕಹಾನಾ ಅವರ ತಂಡ 25 ಮೂರ್ಛೆರೋಗಿಗಳ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರು ಪದಗಳ ಪಟ್ಟಿ ಕೊಟ್ಟು, ಮೆದುಳು ಪದವನ್ನು ಸರಿಯಾಗಿ ಹಿಡಿದಿಡುತ್ತಿಲ್ಲ ಎಂದು ಕಂಪ್ಯೂಟರ್ ಊಹಿಸಿದ ಕ್ಷಣದಲ್ಲಿ ಮಾತ್ರ ಕಪೋಲ ಭಾಗದ ಹೊರಪದರಕ್ಕೆ ವಿದ್ಯುತ್ ಕೊಟ್ಟರು. ಪದಗಳ ನೆನಪು ಸುಮಾರು 15 ಶೇಕಡಾ ಹೆಚ್ಚಿತು.

ಎಡವುವ ಮಗುವಿನ ಕೈಯನ್ನು ಅದು ಎಡವುವ ಕ್ಷಣದಲ್ಲಿ ಹಿಡಿದರೆ ಆಸರೆ. ಚೆನ್ನಾಗಿ ನಡೆಯುತ್ತಿರುವಾಗ ಎಳೆದರೆ ಅದೇ ಕೈ ಬೀಳಿಸುತ್ತದೆ. ಈ ಮೂರು ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ನನಗೆ ತಿಳಿದ ಪಾಠ ಇದೇ: ಮೊದಲು ಮೆದುಳಿನ ಮಾತನ್ನು ಕೇಳಬೇಕು, ಆಮೇಲೆ ಸರಿಯಾದ ಹೊತ್ತಿಗೆ ನೆರವಾಗಬೇಕು.

ಅಬ್ಬಾಗೆ ನಾನು ಕೊಟ್ಟ ಉತ್ತರ

“ನಿಜವೂ ಹೌದು, ಪೂರ್ತಿ ನಿಜವೂ ಅಲ್ಲ” ಎಂದೆ. ಪ್ರಯೋಗ ನಡೆದದ್ದು ನಿಜ. ಆದರೆ ಆಸ್ಪತ್ರೆಯಲ್ಲಿ, ಕೆಲವು ದಿನ, ಚಿತ್ರ ಮತ್ತು ಪದಗಳ ಪರೀಕ್ಷೆಯಲ್ಲಿ ಮಾತ್ರ. ಭಾಗವಹಿಸಿದವರು ಮೂರ್ಛೆರೋಗಿಗಳು. ಅಲ್ಝೈಮರ್ ಕಾಯಿಲೆಯಲ್ಲಿ ಹಿಪೊಕ್ಯಾಂಪಸ್‌ನ ಕೋಶಗಳೇ ಕ್ರಮೇಣ ನಾಶವಾಗುತ್ತವೆ. ಕೇಳಿಸಿಕೊಳ್ಳಲು ಕೋಶಗಳ ಮಾತೇ ಇಲ್ಲದಿದ್ದರೆ ಭಾಷಾಂತರಕಾರ ಏನನ್ನು ದಾಟಿಸಬೇಕು? ಮೆದುಳಿನೊಳಗೆ ಎಲೆಕ್ಟ್ರೋಡ್ ಇಡುವುದೂ ಸೋಂಕು, ರಕ್ತಸ್ರಾವಗಳ ಅಪಾಯವಿರುವ ಶಸ್ತ್ರಚಿಕಿತ್ಸೆ.

ಇನ್ನೊಂದು ಪ್ರಶ್ನೆಯೂ ಇದೆ. ಮೆದುಳಿನ ಮಿಡಿತದ ದಾಖಲೆ ಯಾರ ಕೈಯಲ್ಲಿರಬೇಕು? 2021ರಲ್ಲಿ ಚಿಲಿ ದೇಶ ಮೆದುಳಿನ ಚಟುವಟಿಕೆ ಮತ್ತು ಅದರ ಮಾಹಿತಿಯನ್ನು ರಕ್ಷಿಸಲು ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದಿತು. ಮುಂದೆ ವೈದ್ಯರೋ ಎಂಜಿನಿಯರೋ ವಕೀಲರೋ ಆಗಲಿರುವ ನಾವು ಈಗಿನಿಂದಲೇ ಯೋಚಿಸಬೇಕಾದ ವಿಷಯ ಇದು.

ಅಬ್ಬಾ ಎಲ್ಲವನ್ನೂ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸದ್ಯಕ್ಕೆ ನಾವೇ ಆಸರೆ” ಎಂದರು. ಅಂದಿನಿಂದ ದಾದಿ ಕೇಳಿದ್ದನ್ನೇ ಮತ್ತೆ ಕೇಳಿದರೆ “ಆಗಲೇ ಹೇಳಿದೆನಲ್ಲ” ಎಂದು ನಾನು ರೇಗುವುದಿಲ್ಲ. ನಾನು ಹೇಳಿದ್ದನ್ನು ಅವರು ಮರೆತಿಲ್ಲ, ಅದು ಅವರ ಮೆದುಳಿನಲ್ಲಿ ದಾಖಲಾಗಿಯೇ ಇಲ್ಲ ಎಂದು ಈಗ ನನಗೆ ಗೊತ್ತು. ಮೊದಲ ಸಲ ಕೇಳಿದಂತೆಯೇ ಉತ್ತರಿಸುತ್ತೇನೆ. ಅವರಿಗೆ ಅದು ಮೊದಲ ಸಲವೇ.